ತಾತ ಹಲ್ಲು ನೋಡಿದ ಕರು

ಕಾವೇರಿಯಲ್ಲಿ ಇನ್ನೂ ಮರಳಿದ್ದ ಕಾಲ ಅದು. ಬೇಸಿಗೆಯಲ್ಲಿ ನೀರಿಳಿದರೆ ಸೋಸಲೆಯ ದಡ ಗೋಡೆಯ ಹಾಗೆ ಎದ್ದು ನಿಲ್ಲುತ್ತಿತ್ತು. ನಾವು ಹುಡುಗಿಯರು ಅದರ ಬುಡದಲ್ಲಿ ಒರತೆ ತೋಡಿ, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಕಡಿಯುತ್ತಾ ಕುಂಟೆಬಿಲ್ಲೆ ಆಡುತ್ತಿದ್ದೆವು. ಆ ದಡದಲ್ಲಿ ಕಲ್ಲಾಗಿಹೋದ ಎಲುಬು ಹುಡುಕಲು ಮೈಸೂರಿನಿಂದ ಒಬ್ಬ ಮೇಡಂ ಬಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಳಿದುಕೊಂಡರು. ತೊಂಬತ್ತರ ದಶಕದ ಕೊನೆ. ನನಗಾಗ ಒಂಬತ್ತು ವರ್ಷ. ಊರು ಅವರಿಗೆ ಎಲುಬಿನ ಮೇಡಂ ಎಂದು ಹೆಸರಿಟ್ಟಿತು.

ತಾತ ಮೊದಮೊದಲು ಮೂಗು ಮುರಿದರು. ಅವರು ದನದ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಎತ್ತಿದ ಕೈ. ಅವರು ಒಪ್ಪದೆ ನಮ್ಮೂರಲ್ಲಿ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಒಂದು ಸಂಜೆ ಮೇಡಂ ದಡದಿಂದ ಬಿಡಿಸಿ ತಂದ ದವಡೆಯೊಂದನ್ನು ಜಗಲಿಯ ಮೇಲಿಟ್ಟಾಗ ತಾತನಿಗೆ ಸುಮ್ಮನಿರಲಾಗಲಿಲ್ಲ. ಬೆರಳಾಡಿಸಿ ನೋಡಿದರು.

“ಇದು ಕರು ಕಣವ್ವ. ಕಡೇ ಅಲ್ಲು ಇನ್ನೂ ಒಳಗೇ ಅದೆ.”

“ನಾನೂ ಅದನ್ನೇ ಅಂದ್ಕೊಂಡೆ ತಾತ,” ಎಂದರು ಮೇಡಂ. “ಇದುವರೆಗೆ ಸಿಕ್ಕಿದ್ದೆಲ್ಲ ಮುದಿ ದನದ್ದು, ಹಲ್ಲು ಸವೆದುಹೋಗಿದೆ. ಇದು ಸವೆದಿಲ್ಲ. ಆ ಕಾಲದ ಕಾಡುದನ ಹೇಗೆ ಬದಲಾಗ್ತಾ ಬಂತು, ನಮ್ಮ ಹಸುಗೂ ಅದಕ್ಕೂ ಏನು ನಂಟು ಅಂತ ಇದರಲ್ಲಿ ತಿಳೀಬಹುದು.”

“ಎಷ್ಟು ವರ್ಸದ್ದು?”

“ಸಾವಿರಾರು.”

“ಸಾವ್ರಾರು ವರ್ಸದ ಕರು,” ಎಂದು ತಾತ ಬೊಚ್ಚುಬಾಯಲ್ಲಿ ನಕ್ಕರು. ಊರ ದನದ ಹಲ್ಲೆಲ್ಲ ಎಣಿಸಿದವರಿಗೆ ತಮ್ಮದು ಒಂದೂ ಉಳಿದಿರಲಿಲ್ಲ. ಅಂದಿನಿಂದ ಸಂಜೆಯಾದರೆ ಇಬ್ಬರದೂ ಹಲ್ಲಿನ ಮಾತೇ. ಮೇಡಂ ತಂದಿಟ್ಟ ಹುರಿಗಡಲೆ ನನ್ನ ಪಾಲಿಗೆ.

ನಡುವೆ ಮೇಡಂ ಮೈಸೂರಿಗೆ ಹೋಗಬೇಕಾಯಿತು. ದವಡೆ ಪೂರ್ತಿ ಕಲ್ಲಾಗಿರಲಿಲ್ಲ, ದಡದ ತೇವಕ್ಕೆ ಇನ್ನೂ ಹಸಿಯಾಗಿತ್ತು, ಬಸ್ಸಿನ ಕುಲುಕಾಟಕ್ಕೆ ಪುಡಿಯಾದೀತು. ಭತ್ತದ ಹೊಟ್ಟು ತುಂಬಿದ ಕುಕ್ಕೆಯಲ್ಲಿಟ್ಟು, ನೆರಳಲ್ಲಿ ಒಣಗಲಿ, ಬಂದು ಅಳತೆ ತೆಗೆಯುತ್ತೇನೆ ಎಂದರು.

“ಓಗ್ಬುಟ್ಟು ಬಾ ಮಗ. ನೀ ಬರಗಂಟ ಅದು ನನ್ ಜವಾಬ್ದಾರಿ,” ಎಂದು ತಾತ ಮಾತು ಕೊಟ್ಟರು.

ಹದಿನೈದು ದಿನವೂ ಕಳೆದಿರಲಿಲ್ಲ, ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ ತಾತ ಅಲ್ಲೇ ಕುಸಿದು ಹೋಗಿಬಿಟ್ಟರು. ಮೂರನೆಯ ದಿನ ಅಪ್ಪ ಅವರ ಅಸ್ಥಿಯನ್ನು ಮಡಕೆಗೆ ತುಂಬಿ ಬಟ್ಟೆ ಕಟ್ಟಿದರು. ಯಾಕೆ ಎಂದು ಅಜ್ಜಿಯನ್ನು ಕೇಳಿದೆ.

“ಎಲುಬ ನೀರ್ಗೆ ಬುಡ್ದಿದ್ರೆ ಜೀವ ಅಲೀತಾ ಇರ್ತದೆ ಕಣವ್ವ.”

ಹಾಗಾದರೆ ಆ ಕರು? ಸಾವಿರಾರು ವರ್ಷದಿಂದ ಅಲೆಯುತ್ತಿದೆಯಲ್ಲ ಎಂದುಕೊಂಡು ಕುಕ್ಕೆಯ ಹತ್ತಿರ ಹೋಗಿ ಕುಳಿತೆ. ತಾತನ ಜೊತೆ ಹೋದರೆ ಅದಕ್ಕೂ ದಾರಿ ಸಿಗುತ್ತದೆ, ತಾತನಿಗೂ ಒಂದು ದನ ಜೊತೆಗಿರುತ್ತದೆ. ದವಡೆಯನ್ನು ಲಂಗದಲ್ಲಿ ಸುತ್ತಿಕೊಂಡು, ಹಟಮಾಡಿ ಅಪ್ಪನೊಡನೆ ತಿರುಮಕೂಡಲಿಗೆ ಹೋದೆ. ಕಪಿಲೆ ಕಾವೇರಿ ಸೇರುವಲ್ಲಿ ಅಪ್ಪ ಹರಿಗೋಲಿನಿಂದ ಮಡಕೆ ಬಿಟ್ಟು, ಕಣ್ಣುಮುಚ್ಚಿ ಕೈಮುಗಿದರು. ನಾನೂ ಬಿಟ್ಟೆ.

ಮೇಡಂ ಬಂದವರು ಮೊದಲು ತಾತನಿಗಾಗಿ ಅತ್ತರು. ಆಮೇಲೆ ಕುಕ್ಕೆಯ ಹೊಟ್ಟನ್ನೆಲ್ಲ ಮೊರಕ್ಕೆ ಸುರಿದುಕೊಂಡು ಹುಡುಕಿದರು.

“ನೀನೇನಾದ್ರೂ ನೋಡಿದ್ಯಾ ಪುಟ್ಟಿ?”

ಕೇಳುತ್ತಲೇ ಅವರು ಮೊರದ ಹೊಟ್ಟನ್ನು ಮತ್ತೆ ಮೊದಲಿನಿಂದ ಕೆದಕತೊಡಗಿದರು. ನಾನು ಮಾಡಿದ್ದು ಏನೆಂದು ಆಗ ಗೊತ್ತಾಯಿತು. ಇಲ್ಲವೆಂದು ತಲೆಯಾಡಿಸಿದೆ.

“ತಾತ ಯಾರಿಗೋ ಕೊಟ್ಟು ಮರೆತಿರ್ಬೇಕು, ಬಿಡಿ. ವಯಸ್ಸಾಗಿತ್ತು,” ಎಂದು ಮೇಡಂ ಅಪ್ಪನಿಗೆ ಹೇಳಿದರು. ಅಪ್ಪ ತಲೆ ತಗ್ಗಿಸಿದರು. ನಾನು ಮೊರದ ಹೊಟ್ಟನ್ನು ಮತ್ತೆ ಕುಕ್ಕೆಗೆ ತುಂಬತೊಡಗಿದೆ.

ಇನ್ನೆರಡು ಬೇಸಿಗೆ ಅವರು ಬಂದು ದಡ ಕೆರೆದರು. ಅಂಥ ಇನ್ನೊಂದು ಕರು ಸಿಗಲಿಲ್ಲ. ಆಮೇಲೆ ಮರಳಿನ ಲಾರಿಗಳು ಬಂದವು, ದಡ ಕುಸಿಯಿತು, ಮೇಡಂ ಬರುವುದೂ ನಿಂತಿತು. ನಾವು ಒರತೆ ತೋಡಿದ ಜಾಗದಲ್ಲಿ ಈಗ ಆಳದ ಮಡು. ಮಕ್ಕಳನ್ನು ಯಾರೂ ಆ ಕಡೆ ಬಿಡುವುದಿಲ್ಲ.

ಅಷ್ಟೆಲ್ಲ ಹೋದದ್ದರಲ್ಲಿ ನಾನು ಕಳೆದದ್ದು ಒಂದು ದವಡೆ, ಜೊತೆಗೆ ತಾತನ ಮಾತು. ದನದ ವಯಸ್ಸಿನಲ್ಲಿ ಒಂದು ದಿನವೂ ಸುಳ್ಳಾಡದ ಮನುಷ್ಯ, ಮೇಡಂ ಎಲ್ಲಾದರೂ ಇದ್ದರೆ, ಅವರ ನೆನಪಿನಲ್ಲಿ ಇವತ್ತಿಗೂ ಕೊಟ್ಟ ಮಾತು ಮರೆತ ಮುದುಕನೇ.