ಬೇರೆ ತೆಗೆದಿಟ್ಟ ರೊಟ್ಟಿ

ಊಟದ ಬೆಲ್ ಆದ ಮೇಲೆ ನಾನು ಬಂದು ಕೂತಿದ್ದೇ ತಡ, ನಮ್ಮ ಗುಂಪಿನ ಮಾತು ನಿಂತುಹೋಯಿತು. ದೊಡ್ಡನೆಕ್ಕುಂದಿಯ ಗಾರ್ಮೆಂಟ್ಸಿನಲ್ಲಿ ಒಂದೇ ಹೊಲಿಗೆ ಲೈನಿನ ಹೆಂಗಸರು ನಾವು. ಡಬ್ಬಿಗಳನ್ನೆಲ್ಲ ನಡುವೆ ತೆರೆದಿಟ್ಟು, ಯಾರದ್ದನ್ನು ಯಾರು ತಿಂದರೆಂದು ನೋಡದೆ ಉಣ್ಣುವವರು. ಹಿಂದಿನ ದಿನವಷ್ಟೇ ಮ್ಯಾನೇಜರ್ ನನ್ನನ್ನು ಅದೇ ಲೈನಿಗೆ ಸೂಪರ್‌ವೈಸರ್ ಮಾಡಿದ್ದರು.

ರೂಢಿಯಂತೆ ಶಾಂತಮ್ಮನ ಡಬ್ಬಿಗೆ ಕೈ ಹಾಕಿದೆ. ಅವಳು ಸೇಡಂ ಕಡೆಯವಳು, ರಾಮಮೂರ್ತಿ ನಗರದಲ್ಲಿ ನನ್ನ ಪಕ್ಕದ ರೂಮು. ನಿನ್ನೆಯವರೆಗೂ ನನ್ನನ್ನು ಸಲಿಗೆಯಿಂದ ಹೆಸರು ಹಿಡಿದು ಬೈಯುತ್ತಿದ್ದವಳು ಡಬ್ಬಿಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು. ಮುಚ್ಚಳವೊಂದರಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟು ನನ್ನ ಮುಂದೆ ಸರಿಸಿದಳು.

"ಮೇಡಂ, ನಿಮಗ ಬ್ಯಾರೆ ತೆಗ್ದಿಟ್ಟೀವ್ರಿ," ಅಂದಳು.

ಉಳಿದವರು ತಲೆ ಎತ್ತಲಿಲ್ಲ. ಬೇಗ ತಿಂದು ಕೈ ತೊಳೆಯಲು ಎದ್ದೆ. ನಲ್ಲಿ ತಲುಪುವ ಮೊದಲೇ ಹಿಂದೆ ನಗು ಕೇಳಿಸಿತು.

ಈಗ ಅವರೆಲ್ಲ ಎದ್ದ ಮೇಲೆ ನಾನು ಉಣ್ಣುತ್ತೇನೆ. ಲೈನಿನಲ್ಲಿ ಯಾರೂ ಎದುರಾಡುವುದಿಲ್ಲ, ಹೇಳಿದ ಕೆಲಸ ಹೇಳಿದಂತೆ ಮುಗಿಯುತ್ತದೆ. "ಟೀಮ್ ಅಂದ್ರೆ ಹೀಗಿರ್ಬೇಕು," ಎಂದು ಮ್ಯಾನೇಜರ್ ಬೇರೆ ಸೂಪರ್‌ವೈಸರ್‌ಗಳಿಗೆ ನನ್ನ ಲೈನನ್ನೇ ತೋರಿಸುತ್ತಾರೆ.