ಉಕ್ಕಿನ ಹ್ಯಾಂಗರ್

ಬೆಳಿಗ್ಗೆ ಆರಕ್ಕೆ ಟಿಕ್ ಟಿಕ್ ಟಿಕ್ ಎಂಬ ಒಂದು ಸದ್ದು ನನ್ನ ಕಿಟಕಿಯ ಪಕ್ಕದಿಂದ ಹಾದು ಗೇಟಿನ ತನಕ ಹೋಗುತ್ತಿತ್ತು. ಗೇರ್ ಸೈಕಲ್ಲನ್ನು ತುಳಿಯದೆ ಬರೀ ತಳ್ಳಿದಾಗ ಅದರ ಹಿಂದಿನ ಚಕ್ರ ಮಾಡುವ ಸದ್ದು. ಅದು ಕೇಳಿಸಿದ ಮೇಲೆಯೇ ನಾನು ಕಾಫಿಗೆ ನೀರಿಡುತ್ತಿದ್ದೆ.

ಚನ್ನಗಿರಿಯ ನಮ್ಮ ಮನೆಯ ಹಿತ್ತಲ ಕೋಣೆಗೆ ಬಾಡಿಗೆಗೆ ಬಂದಿದ್ದ ಹುಡುಗಿಯ ಸೈಕಲ್ ಅದು. ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಬಸವಾಪಟ್ಟಣದ ಒಂದು ಶಾಲೆಯಲ್ಲಿ ಆಟದ ಮೇಡಂ. ಮೌಂಟನ್ ಬೈಕ್ ರೇಸಿನಲ್ಲಿ ರಾಜ್ಯಮಟ್ಟಕ್ಕೆ ಸೆಲೆಕ್ಟ್ ಆಗಬೇಕೆಂಬುದು ಅವಳ ಹಟ. ಅವಳ ವಯಸ್ಸಿನ ಗುಂಪಿನಲ್ಲಿ ಅದೇ ಕೊನೆಯ ವರ್ಷ.

"ಈ ಸಲ ಇಲ್ಲಾಂದ್ರೆ ಇಲ್ಲ ಅಜ್ಜಿ. ಮುಂದಿನ ವರ್ಷದಿಂದ ದೊಡ್ಡೋರ ಜೊತೆ. ಅವ್ರ ಧೂಳು ಕುಡಿಯಾಕೂ ನಂಗೆ ಆಗಲ್ಲ" ಎನ್ನುತ್ತಿದ್ದಳು.

ಸೂಳೆಕೆರೆಯ ಹಿಂದಿನ ಗುಡ್ಡದ ಕಲ್ಲುದಾರಿಗಳಲ್ಲಿ ಅವಳ ಪ್ರಾಕ್ಟೀಸ್. ಮೈಕೈ ತರಚಿಕೊಂಡು ಬಂದರೆ ನಗುತ್ತಿದ್ದಳು. ಡಿರೇಲರ್ ಮುರಿದುಕೊಂಡು ಬಂದ ದಿನ ಮಾತ್ರ ಊಟ ಬಿಡುತ್ತಿದ್ದಳು. ಡಿರೇಲರ್ ಅಂದರೆ ಹಿಂದಿನ ಚಕ್ರದ ಪಕ್ಕದಲ್ಲಿ ನೇತಾಡುತ್ತಾ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಪುಟ್ಟ ತೋಳು. ನೆಲಕ್ಕೆ ಅಷ್ಟು ಹತ್ತಿರ ಇಷ್ಟು ನಾಜೂಕಿನ ವಸ್ತುವನ್ನು ಯಾವ ಪುಣ್ಯಾತ್ಮ ತೂಗುಹಾಕಿದನೋ! ಎರಡು ತಿಂಗಳಲ್ಲಿ ಎರಡು ಹೋದವು.

ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದ ಮೇಸ್ತ್ರಿ ಅವಳನ್ನು ಕಂಡ ಕೂಡಲೇ ಶುರುಮಾಡುತ್ತಿದ್ದರು. "ಇದೇನವ್ವಾ, ನೀನು ಸೈಕಲ್ ಹೊಡೀತೀಯೋ, ಕಲ್ಲು ಒಡೀತೀಯೋ?"

ಡಿರೇಲರನ್ನು ಸೈಕಲ್ಲಿನ ಫ್ರೇಮಿಗೆ ಹಿಡಿದಿಡುವುದು ಹ್ಯಾಂಗರ್ ಎಂಬ, ಹೆಬ್ಬೆರಳಿನಷ್ಟು ದೊಡ್ಡ ಅಲ್ಯೂಮಿನಿಯಂ ತುಂಡು. ಪ್ರತಿ ಸಲವೂ ಮೊದಲು ಮುರಿಯುತ್ತಿದ್ದುದು ಅದೇ. ಎರಡನೆಯ ಸಲ ಅವಳ ಜೊತೆ ನಾನೂ ಅಂಗಡಿಗೆ ಹೋಗಿದ್ದೆ. ಹೊಸ ಹ್ಯಾಂಗರಿನ ಜೊತೆ ಬಂದಿದ್ದ ಇಂಗ್ಲಿಷ್ ಚೀಟಿಯನ್ನು ಮೇಸ್ತ್ರಿ ನನ್ನ ಕೈಗೆ ಕೊಟ್ಟು, "ಓದ್ರಿ ಅಮ್ಮಾರೆ" ಅಂದರು. ಕಾನ್ವೆಂಟಿನಲ್ಲಿ ಓದಿದವಳು ನಾನು, ಮೇಲಾಗಿ ರಿಟೈರ್ಡ್ ಇಂಗ್ಲಿಷ್ ಟೀಚರ್. ಕನ್ನಡಕ ಏರಿಸಿಕೊಂಡು, ಪ್ರೇಯರಿನಲ್ಲಿ ಓದುವ ಹಾಗೆ ಗಂಭೀರವಾಗಿ ಓದಿದೆ. ಪೆಟ್ಟು ಬಿದ್ದಾಗ ಹ್ಯಾಂಗರ್ ಬಾಗಬಹುದು, ಮುರಿಯಬಹುದು, ಆಗ ಬದಲಿಸಿ ಎಂದಿತ್ತು.

"ಎಂಥ ನಾನ್‌ಸೆನ್ಸ್! ಮುರಿಯುವ ಹಾಗೆ ಮಾಡಿ ಮತ್ತೆ ಮತ್ತೆ ಮಾರುವ ಟ್ರಿಕ್ ಇದು. ಮೇಸ್ತ್ರಿ, ಉಕ್ಕಿನಲ್ಲಿ ಒಂದು ಮಾಡಿಹಾಕಿ" ಅಂದೆ.

ಮೇಸ್ತ್ರಿ ತಲೆ ಕೆರೆದುಕೊಂಡರು. "ಹಂಗಲ್ರಿ. ಟ್ರ್ಯಾಕ್ಟರ್ ನೇಗಿಲಿಗೆ ಒಂದು ಬೋಲ್ಟ್ ಹಾಕಿರ್ತಾರೆ. ಬಂಡೆಗೆ ತಾಗಿದ್ರೆ ಬೋಲ್ಟ್ ಹೋಕ್ಕೈತೆ, ನೇಗಿಲು ಉಳೀತೈತೆ. ಇದೂ ಹಂಗೇ ಇರಬೋದು."

ಚೀಟಿಯ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇನ್ನೊಂದು ವಾಕ್ಯವಿತ್ತು. ಇದಕ್ಕಿಂತ ಗಟ್ಟಿ ಲೋಹದ ಹ್ಯಾಂಗರ್ ಹಾಕಬೇಡಿ ಎಂದು. ಅದು ನನ್ನ ಕಣ್ಣಿಗೆ ಬಿತ್ತು. ಜೋರಾಗಿ ಓದಲಿಲ್ಲ. ನನ್ನ ಮಾತಿಗೆ ಎದುರು ಹೇಳುವ ಸಾಲನ್ನು ನಾನೇ ಯಾಕೆ ಓದಲಿ ಎಂಬ ಕೊಬ್ಬು, ಅಷ್ಟೇ.

"ಇಂಗ್ಲಿಷ್ ಓದಿದೋರು ಹೇಳಿದ್ಮೇಲೆ ಆತು ಬಿಡ್ರಿ" ಎಂದು ಮೇಸ್ತ್ರಿ ಎರಡು ದಿನ ಕೂತು, ಉಕ್ಕಿನ ಪಟ್ಟಿಯೊಂದನ್ನು ಅರದಿಂದ ಉಜ್ಜಿ ಉಜ್ಜಿ ಹ್ಯಾಂಗರ್ ಮಾಡಿದರು.

ಒಂದು ತಿಂಗಳು ಅದು ಜಪ್ಪಯ್ಯ ಅನ್ನಲಿಲ್ಲ. ನಾನು ಅಂಗಡಿ ಮುಂದೆ ಹಾದಾಗಲೆಲ್ಲ, "ಹೇಗಿದೆ ನಮ್ಮ ಉಕ್ಕು?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದೆ.

ಆಮೇಲೆ ಹುಡುಗಿ ರಜಕ್ಕೆ ಸೊಕ್ಕೆಗೆ ಹೋದಳು. ಅಲ್ಲಿನ ಕಲ್ಲುಗುಡ್ಡದಿಂದ ಇಳಿಯುವಾಗ ಡಿರೇಲರ್ ಒಂದು ಬಂಡೆಯ ಮೂಲೆಗೆ ಬಡಿಯಿತು. ಉಕ್ಕು ಬಾಗಲಿಲ್ಲ, ಮುರಿಯಲೂ ಇಲ್ಲ. ಅದರ ಬದಲು ಡಿರೇಲರ್ ತಿರುಚಿಕೊಂಡು ಚಕ್ರದ ಕಡ್ಡಿಗಳೊಳಗೆ ನುಗ್ಗಿತು. ಚಕ್ರ ಅದನ್ನು ಎಳೆದುಕೊಂಡಿತು. ಹ್ಯಾಂಗರನ್ನು ಕೂರಿಸಿದ್ದ ಜಾಗದಲ್ಲಿ ಫ್ರೇಮೇ ಸೀಳಿತು. ಜಗಳೂರಿನ ಬಸ್ಸಿನಿಂದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಇಳಿದವಳು ನೇರ ಮೇಸ್ತ್ರಿಯ ಅಂಗಡಿಗೆ ಬಂದಳು. ಸೆಲೆಕ್ಷನ್‌ಗೆ ಹದಿನಾರು ದಿನ ಉಳಿದಿತ್ತು.

ಸುದ್ದಿ ಕೇಳಿ ನಾನೂ ಓಡಿದೆ. ಆ ಸೀಳನ್ನು ನೋಡಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಓದದೆ ಬಿಟ್ಟ ಸಾಲನ್ನು ಇಬ್ಬರ ಮುಂದೆಯೂ ಹೇಳಿಬಿಟ್ಟೆ. ಎಪ್ಪತ್ತು ದಾಟಿದ ಮೇಲೆ ಕನ್ಫೆಷನ್ ಮಾಡುವುದು ಸುಲಭವಲ್ಲ.

ಮೇಸ್ತ್ರಿ ಸೀಳನ್ನು ಬೆರಳಿನಿಂದ ಸವರಿ, ಕಡ್ಡಿಗಳಲ್ಲಿ ಸಿಕ್ಕಿದ್ದ ಡಿರೇಲರನ್ನು ಬಿಡಿಸಿ ಪಕ್ಕಕ್ಕಿಟ್ಟರು. ಆಮೇಲೆ, "ಮಕ್ಳು ತಪ್ಪು ಬರದ್ರೆ ಎಷ್ಟು ಸಲ ಇಂಪೊಸಿಷನ್ ಬರಸ್ತಿದ್ರಿ ಅಮ್ಮಾರೆ?" ಎಂದು ಕೇಳಿದರು.

"ನೂರು ಸಲ."

"ಹಂಗಾದ್ರೆ ನೂರು ಕಪ್ ಚಾ ಆತು. ಇವತ್ತಿಂದ ಶುರು ಮಾಡ್ರಿ."

ಹುಡುಗಿ ನಗಲಿಲ್ಲ. ಕಣ್ಣೊರೆಸಿಕೊಂಡು, "ಅಳಾಕೆ ಆಮೇಲೆ ಟೈಮ್ ಐತೆ ಅಜ್ಜಿ. ಈಗ ಏನ್ ಮಾಡಾದು ಹೇಳ್ರಿ" ಅಂದಳು. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ.

ಹೊನ್ನಾಳಿಯಲ್ಲಿ ಟ್ರ್ಯಾಕ್ಟರ್ ರೇಡಿಯೇಟರ್, ಹಾಲಿನ ಕ್ಯಾನು ಎಲ್ಲವನ್ನೂ ಬೆಸೆಯುವ ಒಬ್ಬ ವೆಲ್ಡರ್ ಇದ್ದ. ಮೇಸ್ತ್ರಿ ಅಂಗಡಿಗೆ ಬಾಗಿಲು ಹಾಕಿ, ಫ್ರೇಮ್ ಹೊತ್ತು ಅಲ್ಲಿಗೆ ಹೋಗಿ, ಬೆಸುಗೆ ಹಾಕಿಸಿಕೊಂಡು ಬಂದರು. "ಈ ರೇಸಿಗೆ ತಡೀತೈತಂತೆ. ಮುಂದಿಂದು ಕೇಳಬ್ಯಾಡ್ರಿ" ಅಂದರು. ಮುರಿದ ಮೂರು ಡಿರೇಲರ್‌ಗಳನ್ನು ಬಿಚ್ಚಿ ಒಂದನ್ನು ಜೋಡಿಸಿದರು. ಗುಜರಿಯ ಅಲ್ಯೂಮಿನಿಯಂ ತಗಡಿನಿಂದ ಮೂರು ಮೆತ್ತನೆಯ ಹ್ಯಾಂಗರ್ ಕೊರೆದರು.

ಹ್ಯಾಂಗರ್ ಒಂದು ಕೂದಲೆಳೆ ಓರೆಯಾದರೂ ಗೇರ್ ಸರಿಯಾಗಿ ಬೀಳುವುದಿಲ್ಲ. ನೆಟ್ಟಗೆ ಮಾಡುವ ಸಾಧನ ಅವರ ಬಳಿ ಇರಲಿಲ್ಲ. ಅವರು ಮಾಡಿದ್ದೇನು ಗೊತ್ತೇ? ಬೇರೊಂದು ಗೇರ್ ಸೈಕಲ್ಲಿನ ಹಿಂದಿನ ಗಾಲಿ ತಂದು, ಅದರ ಆಕ್ಸಲ್ಲನ್ನೇ ಹ್ಯಾಂಗರಿನ ತೂತಿಗೆ ತಿರುಗಿಸಿ ಕೂರಿಸಿದರು. ಈಗ ಎರಡು ಗಾಲಿಗಳು ಅಕ್ಕಪಕ್ಕ ನಿಂತವು. ನಡುವಿನ ಸಂದನ್ನು ಮೇಲೆ, ಕೆಳಗೆ, ಹಿಂದೆ, ಮುಂದೆ ಒಂದು ಪೆನ್ಸಿಲ್ ತುಂಡಿನಿಂದ ಅಳೆದು, ಎಲ್ಲ ಕಡೆ ಒಂದೇ ಆಗುವ ತನಕ ಮೆಲ್ಲಗೆ ಬಗ್ಗಿಸಿದರು. ಆನೆಸ್ಟ್ಲಿ, ಅಂಥ ಜಾಣ್ಮೆಯನ್ನು ನಾನು ಯಾವ ಕ್ಲಾಸ್‌ರೂಮಿನಲ್ಲೂ ಕಂಡಿರಲಿಲ್ಲ.

ರೇಸಿನ ದಾರಿಯಲ್ಲಿ ಬೇರೆಯವರು ಕೈ ಹಾಕುವಂತಿಲ್ಲ. ಮುರಿದರೆ ಅವಳೇ ಬದಲಿಸಿಕೊಳ್ಳಬೇಕು. ನಮ್ಮ ಅಂಗಳದಲ್ಲಿ ಮೇಸ್ತ್ರಿ ಅವಳಿಂದ ಹ್ಯಾಂಗರ್ ಬಿಚ್ಚಿಸುವುದು, ಹಾಕಿಸುವುದು. ಟೈಮ್ ನೋಡುವ ಕೆಲಸ ನನ್ನದು. ಮೊದಲ ದಿನ ಒಲೆಯ ಮೇಲಿನ ಅನ್ನ ಬೆಂದರೂ ಮುಗಿದಿರಲಿಲ್ಲ. ಕೊನೆಕೊನೆಗೆ ಹಾಲು ಉಕ್ಕಿಬರುವಷ್ಟರಲ್ಲಿ ಮುಗಿಸುತ್ತಿದ್ದಳು.

ಸೆಲೆಕ್ಷನ್ ನಡೆದದ್ದು ನ್ಯಾಮತಿ ಕಡೆಯ ಗುಡ್ಡದಲ್ಲಿ. ಮೂರು ಸುತ್ತು. ಮೇಸ್ತ್ರಿಯೂ ನಾನೂ ಇಳಿಜಾರು ಮುಗಿಯುವ ತಿರುವಿನಲ್ಲಿ ನಿಂತಿದ್ದೆವು. ಎರಡನೆಯ ಸುತ್ತಿನಲ್ಲಿ ನಮ್ಮ ಕಣ್ಣೆದುರೇ ಕಲ್ಲು ಬಡಿಯಿತು. ಹ್ಯಾಂಗರ್ ಚಟ್ಟೆಂದು ಮುರಿಯಿತು. ಡಿರೇಲರ್ ಚೈನಿಗೆ ನೇತುಬಿದ್ದಿತ್ತು, ಆದರೆ ಇಡಿಯಾಗಿತ್ತು. ಫ್ರೇಮೂ ಇಡಿಯಾಗಿತ್ತು.

ಅವಳು ಪಕ್ಕಕ್ಕೆ ಸರಿದು ಸೈಕಲ್ಲನ್ನು ಮಗುಚಿ ಹಾಕಿದಳು. ಮೇಸ್ತ್ರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಗಾಬ್ರಿ ಆಗಬ್ಯಾಡ... ಬೋಲ್ಟ್ ಕೆಳಗೆ ಬೀಳಿಸಬ್ಯಾಡ..." ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ನಾಲ್ಕು ಮಂದಿ ಅವಳನ್ನು ದಾಟಿ ಹೋದರು. ನಾನು ವಾಚ್ ನೋಡಲೇ ಇಲ್ಲ. ಅವಳು ಎದ್ದು ಹತ್ತಿದಾಗ ಮೇಸ್ತ್ರಿಯ ಅಂಗಿ ಬೆವರಿನಿಂದ ತೋಯ್ದಿತ್ತು. ಕೊನೆಯ ಸುತ್ತಿನಲ್ಲಿ ಆ ನಾಲ್ವರಲ್ಲಿ ಮೂವರನ್ನು ಅವಳು ಹಿಂದೆ ಹಾಕಿದಳಂತೆ. ಪಟ್ಟಿ ಓದಿದಾಗ ಕಟ್ಟಕಡೆಯ ಹೆಸರು ಅವಳದು. ಕಟ್ಟಕಡೆಯದಾದರೇನು, ಪಟ್ಟಿಯಲ್ಲಿತ್ತು!

ರಾಜ್ಯಮಟ್ಟದ ರೇಸಿಗೆ ಅವಳು ಹೊರಟ ದಿನ ಹೊನ್ನಾಳಿಯ ಕಡೆ ಹೋಗುವ ಪ್ರೈವೇಟ್ ಬಸ್ಸಿನ ಟಾಪಿಗೆ ಸೈಕಲ್ ಏರಿಸಬೇಕಿತ್ತು. ಕ್ಲೀನರ್ ಅದನ್ನು ಮೂಟೆಯ ಹಾಗೆ ಎಳೆದುಕೊಂಡ. "ಏ ಏ, ಡಿರೇಲರ್ ಅಡಿಗಾಕಬ್ಯಾಡಲೇ!" ಎಂದು ಮೇಸ್ತ್ರಿ ಪಂಚೆ ಎತ್ತಿ ಕಟ್ಟಿ, ಹಿಂದಿನ ಏಣಿ ಹಿಡಿದು ತಾವೇ ಮೇಲೆ ಹತ್ತಿದರು. ಗೋಣಿಚೀಲ ಹಾಸಿ, ಗೇರಿನ ಮಗ್ಗುಲು ಮೇಲಾಗುವ ಹಾಗೆ ಮಲಗಿಸಿ, ಹಗ್ಗ ಕಟ್ಟಿದರು. ಕಂಡಕ್ಟರ್ ಸೀಟಿ ಊದಿದ.

"ಇಳಿಯಪ್ಪಾ ಯಜಮಾನ!"

"ಹೊನ್ನಾಳಿತಂಕ ಬರ್ತೀನಿ ನಡೀರಿ. ರೋಡ್ ಸರಿ ಇಲ್ಲ."

ಮರುದಿನ ನಾನು ಮಂಡಿ ಆಪರೇಷನ್ನಿಗೆಂದು ತಂಗಿಯ ಮನೆಗೆ ಹೋದೆ. ಮೂರು ತಿಂಗಳ ನಂತರ ಬಂದಾಗ ಮೇಸ್ತ್ರಿ ಇರಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು. ಹಾಗಾಗಿ ನಾನು ಅವರನ್ನು ಕಡೆಯದಾಗಿ ಕಂಡದ್ದು ಆ ಬಸ್ಸಿನ ಮೇಲೆ. ಕಾಲು ಚಾಚಿ ಕೂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಅಂಗೈಯನ್ನು ಡಿರೇಲರಿನ ಮೇಲೆ ಮುಚ್ಚಿಕೊಂಡಿದ್ದರು. ಬಸ್ಸು ತಿರುವಿಗೆ ಬಂದಾಗ ತಂತಿ ತಾಗದಿರಲೆಂದು ತಲೆ ತಗ್ಗಿಸಿದರು. ಕೈ ಮಾತ್ರ ತೆಗೆಯಲಿಲ್ಲ.