ಎರಡು ನಿಮಿಷದ ಸ್ಟಾಪು

ನಮ್ಮಪ್ಪ ತುಂಬಾ ಒಳ್ಳೆಯ ಮನುಷ್ಯ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಒಂದು ವಿಷಯದಲ್ಲಿ ಅವರಷ್ಟು ಹಠಮಾರಿ, ಅವರಷ್ಟು ಹಗೆಯ ಮನುಷ್ಯ ಇನ್ನೊಬ್ಬರಿಲ್ಲ. ಅಪ್ಪನಲ್ಲಿ ನನಗೆ ಹೆಚ್ಚು ಇಷ್ಟವಾಗುವುದೂ ಅದೇ.

ಹಳೇ ಹೆದ್ದಾರಿಯಲ್ಲಿ ಹದಿನೇಳು ವರ್ಷ ಒಂದೇ ರೂಟಿನ ಬಸ್ಸು ಓಡಿಸಿದವರು ಅವರು. ಒಂದು ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಗಡಿಯಾರದ ಕಂಬದ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದರು. ಅಲ್ಲಿ ಹತ್ತಬೇಕಿದ್ದ ಚೆಕಿಂಗ್ ಇನ್ಸ್‌ಪೆಕ್ಟರ್ ಎದುರಿನ ಕ್ಷೌರದಂಗಡಿಯಲ್ಲಿ ಆರಾಮಾಗಿ ಕಣ್ಣು ಮುಚ್ಚಿ ಕೂತಿದ್ದರು. ಎರಡು ನಿಮಿಷ ಆಯಿತು. ಅಪ್ಪ ಕೈಗಡಿಯಾರ ನೋಡಿ, ಮೂರು ಸಲ ಹಾರ್ನ್ ಹೊಡೆದು, ಹೊರಟುಬಿಟ್ಟರು. ಕನ್ನಡಿಯಲ್ಲಿ ನೋಡಿದರೆ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ, ಒಂದು ಕೆನ್ನೆಯ ತುಂಬಾ ನೊರೆ ಇಟ್ಟುಕೊಂಡು ಇನ್ಸ್‌ಪೆಕ್ಟರ್ ಓಡಿ ಬರುತ್ತಿದ್ದರು. ಹಿಂದಿನ ಸೀಟಿನವರೆಲ್ಲ ಬಿದ್ದು ಬಿದ್ದು ನಕ್ಕರು.

ನಕ್ಕವರಲ್ಲಿ ಒಬ್ಬರೂ ಸಾಕ್ಷಿಗೆ ಬರಲಿಲ್ಲ. ತಾನು ತಡಮಾಡಿದ್ದನ್ನು ಮುಚ್ಚಿಕೊಳ್ಳಲು ಆ ಮಹಾನುಭಾವ ವರದಿ ಬರೆದರು: ಬಸ್ಸು ಸ್ಟಾಪಿನಲ್ಲಿ ನಿಲ್ಲಲೇ ಇಲ್ಲ, ಡ್ರೈವರ್ ಸುಳ್ಳು ಸಮಯ ಬರೆದಿದ್ದಾನೆ. ಕಂಡಕ್ಟರ್ ಬಾಯಿಗೆ ಬೀಗ ಹಾಕಿಕೊಂಡ. ಅಪ್ಪನನ್ನು ಸ್ಟೇರಿಂಗಿನಿಂದ ಇಳಿಸಿ ಡಿಪೋದಲ್ಲಿ ಬಸ್ಸು ತೊಳೆಯಲು ಹಾಕಿದರು. ಬೇರೆಯವರು ಓಡಿಸಿದ ಬಸ್ಸುಗಳನ್ನು ಹನ್ನೊಂದು ವರ್ಷ ತೊಳೆದು ಅವರು ನಿವೃತ್ತರಾದರು. ಮೊಣಕಾಲಿನವರೆಗೆ ಒದ್ದೆಯಾದ ಪ್ಯಾಂಟಿನಲ್ಲಿ ಮನೆಗೆ ಬಂದು, ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದು ಶುರುವಾದಾಗ ನನಗೆ ಒಂಬತ್ತು ವರ್ಷ. ಆ ಬಾಗಿಲಿನ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಹೊಸ ಹೆದ್ದಾರಿ ಬಂತು, ಹಳೆಯದು ಮೂಲೆಗೆ ಬಿತ್ತು. ಮೊನ್ನೆ ನಮ್ಮ ಹಲ್ಲಿನ ಡಾಕ್ಟರು ಮನೆಗೆ ಬಂದರು. ಅವರಿಗೆ ಹಳೇ ಕಾರುಗಳ ಹುಚ್ಚು, ಅಂಥವರದೇ ಒಂದು ಸಂಘವೂ ಇದೆ. ಮೂವತ್ತೊಂದು ಕಾರುಗಳಲ್ಲಿ ಹಳೇ ಹೆದ್ದಾರಿಯ ಅಂದಚಂದ ನೋಡಿಕೊಂಡು ಹೋಗಬೇಕಂತೆ, ಆದರೆ ದಾರಿ ಗೊತ್ತಿದ್ದವರು ಯಾರೂ ಇಲ್ಲವಂತೆ.

"ನೀವೇ ದಾರಿ ಬರೆದುಕೊಡಬೇಕು ಯಜಮಾನ್ರೇ," ಎಂದರು.

ಅಪ್ಪ ಒಂದು ವಾರ ನಡುಮನೆಯಲ್ಲಿ ನಕ್ಷೆ ಹಾಸಿಕೊಂಡು ಕೂತರು. ನಾಲ್ಕು ಮೂಲೆಗೆ ಉಪ್ಪಿನ ಡಬ್ಬಿ, ಇಸ್ತ್ರಿಪೆಟ್ಟಿಗೆ, ಅಮ್ಮನ ಕನ್ನಡಕದ ಡಬ್ಬಿ, ನನ್ನ ಚಪ್ಪಲಿ. ಎಲ್ಲಿ ಹೊಸ ರಸ್ತೆ ಬಿಟ್ಟು ಎಡಕ್ಕೆ ಇಳಿಯಬೇಕು, ಯಾವ ಕಲ್ಲುಸೇತುವೆಯ ಮೇಲೆ ಒಂದೊಂದೇ ಕಾರು ಹೋಗಬೇಕು, ಕುದುರೆಗಳು ನೀರು ಕುಡಿಯುತ್ತಿದ್ದ ತೊಟ್ಟಿ ಎಲ್ಲಿದೆ, ಯಾವ ತಿರುವಿನಲ್ಲಿ ಕೆರೆ ಒಮ್ಮೆಲೇ ಕಾಣುತ್ತದೆ, ಎಲ್ಲ ಅವರು ಹೇಳಿದರು, ನಾನು ಬರೆದೆ. ಗಡಿಯಾರದ ಕಂಬ ಬಂದಾಗ ಅಪ್ಪನ ಬೆರಳು ನಕ್ಷೆಯ ಮೇಲೆ ನಿಂತಿತು. ಇನ್ಸ್‌ಪೆಕ್ಟರ್ ನಿವೃತ್ತರಾದ ಮೇಲೆ ಅದೇ ಕಂಬದ ಎದುರು ಮನೆ ಕಟ್ಟಿಸಿಕೊಂಡಿದ್ದು ನಮಗೆಲ್ಲ ಗೊತ್ತಿತ್ತು.

"ಆ ಬೀದಿ ತಪ್ಪಿಸಿಬಿಡಿ," ಎಂದರು ಅಮ್ಮ. "ಹಳೇದನ್ನೆಲ್ಲ ಯಾಕೆ ಕೆದಕ್ತೀರಾ? ಬಿಟ್ಹಾಕಿ ಅತ್ಲಾಗೆ."

"ತಪ್ಪಿಸೋದಾ? ಬರ್ಕೋ ಮಗಳೇ. ಗಡಿಯಾರದ ಕಂಬ. ಎಲ್ಲಾ ಕಾರೂ ಕಡ್ಡಾಯವಾಗಿ ನಿಲ್ಲಬೇಕು. ಎರಡು ನಿಮಿಷ. ಹೊರಡೋ ಮುಂಚೆ ಮೂರು ಸಲ ಹಾರ್ನು."

ಪ್ರತಿ ಕಾರಿಗೂ ಒಂದು ಚೀಟಿ. ಅದರಲ್ಲಿ ಕಾರು ಬಂದ ಸಮಯ, ಹೊರಟ ಸಮಯ, 'ಇಲ್ಲಿ ನಿಂತಿತ್ತು' ಎಂಬ ಸಾಲು, ಕೆಳಗೆ ಸಹಿ. ಸಹಿ ಯಾರು ಹಾಕಬೇಕು ಎಂದು ಡಾಕ್ಟರು ಕೇಳಿದಾಗ ಅಪ್ಪ ಬೆಣ್ಣೆಯಂಥ ದನಿಯಲ್ಲಿ, "ಅಲ್ಲೇ ಒಬ್ಬ ದೊಡ್ಡ ಆಫೀಸರ್ ಇದ್ದಾರೆ ಸಾರ್, ತುಂಬಾ ಸ್ಟ್ರಿಕ್ಟು. ನನ್ನ ಹೆಸರು ಮಾತ್ರ ಎತ್ತಬೇಡಿ," ಎಂದರು. ಡಾಕ್ಟರು ಹೋಗಿ ಕೇಳಿದ್ದಕ್ಕೆ ಇನ್ಸ್‌ಪೆಕ್ಟರ್ ಉಬ್ಬಿಹೋದರಂತೆ.

ಆ ದಿನ ಕೊನೆಯ ಕಾರು ನಮ್ಮದು. ಡಾಕ್ಟರ ಬೂದು ಬಣ್ಣದ ಹಳೇ ಕಾರು, ಸ್ಟೇರಿಂಗ್ ಹಿಡಿದವರು ಅಪ್ಪ. ನಾವು ಬೇಗನೆ ಹೋಗಿ ಬೀದಿಯ ತುದಿಯಲ್ಲಿ ನಿಂತು ನೋಡಿದೆವು. ಇನ್ಸ್‌ಪೆಕ್ಟರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುರ್ಚಿ ಮೇಜು ಹಾಕಿಕೊಂಡು, ಮದುಮಗನ ಹಾಗೆ ಕೂತಿದ್ದರು. ಮೂರು ನಿಮಿಷಕ್ಕೊಂದು ಕಾರು. ನಿಲ್ಲು, ಸಹಿ, ಹಾರ್ನು, ಹಾರ್ನು, ಹಾರ್ನು. ಹತ್ತನೆಯ ಕಾರಿಗೆ ನಗು ಹೋಯಿತು. ಇಪ್ಪತ್ತಕ್ಕೆ ಅಂಗಿ ಬೆವರಿನಲ್ಲಿ ಒದ್ದೆಯಾಯಿತು. ಒಂದೂವರೆ ಗಂಟೆಯ ಕೊನೆಗೆ ಕಿವಿಗೆ ಕೈ ಅಡ್ಡ ಇಟ್ಟುಕೊಂಡು, "ಯಾವನಯ್ಯಾ ಈ ಹಾರ್ನ್ ಬರೆದೋನು?" ಎಂದು ಬೆಂಕಿ ಕಾರುತ್ತಿದ್ದರು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ?

ಅಪ್ಪ ಕಾರನ್ನು ಸರಿಯಾಗಿ ಕಂಬದ ಕೆಳಗೆ ನಿಲ್ಲಿಸಿ ತಮ್ಮ ಚೀಟಿ ಕೊಟ್ಟರು. ಅದರಲ್ಲಿ ಬರೆದದ್ದು ಆ ಹಳೇ ಬಸ್ಸಿನ ನಂಬರು, ಆ ಹಳೇ ತಾರೀಕು, ಬಂದದ್ದು ಒಂಬತ್ತು ನಲವತ್ತು, ಹೊರಟದ್ದು ಒಂಬತ್ತು ನಲವತ್ತೆರಡು.

"ತಾರೀಕು ತಪ್ಪಿದೆಯಲ್ಲ?"

"ತಪ್ಪಿಲ್ಲ ಸಾರ್. ನಿಲ್ಲಲೇ ಇಲ್ಲ ಅಂತ ನೀವು ಬರೆದ ಬಸ್ಸು. ನೀವು ಅರ್ಧ ಗಡ್ಡದಲ್ಲಿ ಓಡಿ ಬಂದ್ರಲ್ಲ, ಆ ದಿನ."

ಇನ್ಸ್‌ಪೆಕ್ಟರ್ ಅಪ್ಪನ ಮುಖ ನೋಡಿದರು. "ಎಷ್ಟೋ ಜನರ ಮೇಲೆ ಬರೆದಿದ್ದೀನಪ್ಪಾ. ಯಾವುದು ಅಂತ ನೆನಪಿಟ್ಕೊಳ್ಳಲಿ? ನಿಂತಿತ್ತು ಅಂತ ತಾನೇ ಬೇಕು? ತಗೋ." ಸರಕ್ಕನೆ ಸಹಿ ಗೀಚಿ ಎಸೆದರು. ಹನ್ನೊಂದು ವರ್ಷಕ್ಕೆ ಮೂರು ಸೆಕೆಂಡು. ಇಳಿದು ಆ ಮೇಜನ್ನೇ ಎತ್ತಿ ಅವರ ಮೇಲೆ ಹಾಕಬೇಕು ಅನ್ನಿಸಿತು ನನಗೆ.

"ಆಯ್ತಲ್ಲ, ಹೊರಡಿ," ಎಂದರು ಇನ್ಸ್‌ಪೆಕ್ಟರ್.

"ಎರಡು ನಿಮಿಷ ಆಗಿಲ್ಲ ಸಾರ್." ಅಪ್ಪ ಗಡಿಯಾರ ನೋಡುತ್ತಾ ಕೂತರು. ಕೂತೇ ಇದ್ದರು. ಆಮೇಲೆ ಮೂರು ಸಲ ಹಾರ್ನ್ ಹೊಡೆದು ಕಾರು ಹೊರಡಿಸಿದರು.

ನಾನು ತಿರುಗಿ ನೋಡಿದೆ. ಇನ್ಸ್‌ಪೆಕ್ಟರ್ ರಸ್ತೆಯ ನಡುವೆ ಬಂದು ನಿಂತು, ಅಂಗೈಯಿಂದ ಒಂದು ಕೆನ್ನೆಯನ್ನು ಒರೆಸಿಕೊಳ್ಳುತ್ತಿದ್ದರು. ಅಂದು ನೊರೆ ಇದ್ದ ಕೆನ್ನೆ. ಅಪ್ಪನೂ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದರು.

"ನೆನಪಿದೆ ಅವರಿಗೆ," ಎಂದರು. "ಬಾಯಲ್ಲಿ ಹೇಳಬೇಕು, ಅಷ್ಟೇ. ಡಾಕ್ಟರು ಪ್ರತಿ ತಿಂಗಳೂ ಹೋಗೋಣ ಅಂತಿದ್ರು. ಆಗಲಿ ಅಂತ ಬರೆದುಬಿಡು. ದಾರಿ ಇದೇ."

ನಾನು ಪೆನ್ನು ತೆಗೆದು, ಗಡಿಯಾರದ ಕಂಬದ ಮುಂದೆ ಬರೆದಿದ್ದ 'ಎರಡು' ಹೊಡೆದುಹಾಕಿ ಐದು ನಿಮಿಷ ಎಂದು ಬರೆದೆ. ಅಪ್ಪ ಓರೆಗಣ್ಣಿನಲ್ಲಿ ನೋಡಿದರು.

"ಐದು ಬೇಡ, ತೆಗಿ. ನಾನು ನಿಂತಿದ್ದು ಎರಡೇ ನಿಮಿಷ," ಎಂದರು. "ಹಾರ್ನು ಬೇಕಾದ್ರೆ ಆರು ಮಾಡು."